ಗ್ಯಾಲಕ್ಸಿಗಳ ವಯಸ್ಸು ನೋಡಿ ವಿಶ್ವ ಹಿಗ್ಗುವ ದರ ಅಳೆಯುವುದು ಹೇಗೆ?

ನಮ್ಮ ಅಜ್ಜಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ಕೇಳಿದರೆ ಒಮ್ಮೆ ಎಪ್ಪತ್ತು ಅನ್ನುತ್ತಿದ್ದಳು, ಇನ್ನೊಮ್ಮೆ ಎಂಬತ್ತು. ಆದರೆ ಪಕ್ಕದ ಮನೆಯ ಪುಟ್ಟಮ್ಮನಿಗಿಂತ ನೀನು ಎಷ್ಟು ದೊಡ್ಡವಳು ಅಂತ ಕೇಳಿದರೆ ಮಾತ್ರ ಉತ್ತರ ಥಟ್ಟನೆ ಬರುತ್ತಿತ್ತು: "ಎರಡು ಮಳೆಗಾಲ." ಅದರಲ್ಲಿ ಎಂದೂ ಬದಲಾವಣೆ ಇರಲಿಲ್ಲ.

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಅಳೆಯುವ ಒಂದು ವಿಧಾನ ಪೂರ್ತಿಯಾಗಿ ಈ ಬುದ್ಧಿಯ ಮೇಲೆ ನಿಂತಿದೆ. ಒಂದು ಗ್ಯಾಲಕ್ಸಿಯ ನಿಜವಾದ ವಯಸ್ಸು ಎಷ್ಟು ಅನ್ನುವುದು ಬೇಡ. ಎರಡು ಗ್ಯಾಲಕ್ಸಿಗಳ ನಡುವೆ ವಯಸ್ಸಿನ ಅಂತರ ಎಷ್ಟು? ಅಷ್ಟು ಗೊತ್ತಾದರೆ ಸಾಕು. 2002ರಲ್ಲಿ ಖಗೋಳ ವಿಜ್ಞಾನಿಗಳಾದ ರೌಲ್ ಹಿಮೆನೆಸ್ ಮತ್ತು ಅಬ್ರಹಾಂ ಲೋಬ್ ಈ ಉಪಾಯವನ್ನು ಮುಂದಿಟ್ಟರು. ಹೀಗೆ ಬಳಸುವ ಗ್ಯಾಲಕ್ಸಿಗಳಿಗೆ ಈಗ 'ಕಾಸ್ಮಿಕ್ ಕ್ರೋನೋಮೀಟರ್' ಎಂಬ ಹೆಸರಿದೆ. ವಿಶ್ವದ ಗಡಿಯಾರಗಳು ಅನ್ನೋಣ.

ಈ ಬರಹದಲ್ಲಿ ಆ ಅಳತೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡುವ ಬಗೆ ಇದೆ. ಪಿಯುಸಿ ಮಟ್ಟದ ಗಣಿತ, ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ಗ್ರಾಫ್ ಹಾಳೆ ಇದ್ದರೆ ಸಾಕು. ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದಿದ್ದರೆ ಮೊದಲ ಹೆಜ್ಜೆ ಮತ್ತು ಕೊನೆಯ ಹೆಜ್ಜೆಯನ್ನು ಪೆನ್ಸಿಲ್‌ನಲ್ಲೇ ಮಾಡಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಲೆಕ್ಕ ಸುಲಭ. ಸರಿಯಾದ ಗ್ಯಾಲಕ್ಸಿ ಆರಿಸುವುದರಲ್ಲೇ ಬೆವರು ಇಳಿಯುತ್ತದೆ.

ದೂರ ಬಿಟ್ಟು ವಯಸ್ಸು ಯಾಕೆ?

ಸಾಮಾನ್ಯವಾಗಿ ಹಿಗ್ಗುವ ದರ ಅಳೆಯಲು ದೂರ ಬೇಕು. ಹೊಳಪು ಲಯಬದ್ಧವಾಗಿ ಏರಿಳಿಯುವ ಸೆಫೀಡ್ ನಕ್ಷತ್ರದಿಂದ ಹತ್ತಿರದ ಗ್ಯಾಲಕ್ಸಿಯ ದೂರ ತಿಳಿಯಬೇಕು. ಅದರಿಂದ ಸೂಪರ್‌ನೋವಾಗಳ, ಅಂದರೆ ಸಿಡಿಯುವ ನಕ್ಷತ್ರಗಳ, ನಿಜವಾದ ಹೊಳಪು ಎಷ್ಟೆಂದು ನಿಗದಿ ಮಾಡಬೇಕು. ಆಮೇಲೆ ದೂರದ ಸೂಪರ್‌ನೋವಾಗಳಿಗೆ ಹೋಗಬೇಕು. ಏಣಿ ಹತ್ತಿದ ಹಾಗೆ. ಕೆಳಗಿನ ಮೆಟ್ಟಿಲು ಅಲುಗಾಡಿದರೆ ಮೇಲಿನವೂ ಅಲುಗಾಡುತ್ತವೆ. ಇನ್ನೊಂದು ದಾರಿ, ವಿಶ್ವದ ಶೈಶವದಿಂದ ಉಳಿದ ಮೈಕ್ರೋವೇವ್ ಬೆಳಕು. ಪ್ಲಾಂಕ್ ಉಪಗ್ರಹ ಅದನ್ನು ಅಳೆಯಿತು. ಆದರೆ ಅಲ್ಲಿಂದ ಇವತ್ತಿನ ದರಕ್ಕೆ ಬರಲು ನಡುವೆ ಒಂದು ಮಾದರಿಯನ್ನು ನಂಬಬೇಕು.

ಗಡಿಯಾರದ ವಿಧಾನಕ್ಕೆ ಏಣಿಯೂ ಬೇಡ, ಆ ಮಾದರಿಯೂ ಬೇಡ. ನಕ್ಷತ್ರಗಳು ಹೇಗೆ ಮುದಿಯಾಗುತ್ತವೆ ಎಂಬ ತಿಳಿವಳಿಕೆ ಬೇಕು, ಅಷ್ಟೇ. ಆ 'ಅಷ್ಟೇ' ಎಷ್ಟು ದುಬಾರಿ ಎಂದು ಮುಂದೆ ನೋಡೋಣ.

ವಯಸ್ಸಿಗೂ ಹಿಗ್ಗುವ ದರಕ್ಕೂ ಜಗಳ ಹೊಸದೇನಲ್ಲ. 1929ರಲ್ಲಿ ಖಗೋಳ ವಿಜ್ಞಾನಿ ಹಬಲ್ ಕಂಡುಕೊಂಡ ದರ ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಬೆಳಕಿನ ವರ್ಷದ ದೂರ) ಸೆಕೆಂಡಿಗೆ ಸುಮಾರು 500 ಕಿ.ಮೀ. ಆ ಲೆಕ್ಕದಲ್ಲಿ ವಿಶ್ವದ ವಯಸ್ಸು 200 ಕೋಟಿ ವರ್ಷ ಕೂಡ ದಾಟುವುದಿಲ್ಲ. ಭೂಮಿಯ ವಯಸ್ಸೇ ಅದಕ್ಕಿಂತ ಜಾಸ್ತಿ! ಮಗ ಅಪ್ಪನಿಗಿಂತ ದೊಡ್ಡವನಾದ ಹಾಗೆ. ಕೊನೆಗೆ ತಪ್ಪು ಇದ್ದದ್ದು ದೂರದ ಅಳತೆಯಲ್ಲಿ. 1996ರಲ್ಲಿ ಮತ್ತೊಂದು ಪೇಚಾಟ. ರೆಡ್‌ಶಿಫ್ಟ್ (ಬೆಳಕು ಕೆಂಪಿನ ಕಡೆಗೆ ಸರಿದ ಪ್ರಮಾಣ, ವಿವರ ಹೆಜ್ಜೆ 1ರಲ್ಲಿ) 1.55ರಲ್ಲಿ ಒಂದು ಗ್ಯಾಲಕ್ಸಿ ಸಿಕ್ಕಿತು. ಅದರ ನಕ್ಷತ್ರಗಳಿಗೆ ಕಡಿಮೆ ಅಂದರೂ 350 ಕೋಟಿ ವರ್ಷ ಎಂದು ರೋಹಿತ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿ, ಹೇಳಿತು. ಬರೀ ವಸ್ತು ತುಂಬಿದ ವಿಶ್ವ ಎಂದುಕೊಂಡು, ಇವತ್ತಿನ ದರವನ್ನು 50 ಎಂದು ಇಳಿಸಿ ಹಿಡಿದರೂ, ಆ ಹೊತ್ತಿಗೆ ವಿಶ್ವಕ್ಕೆ ಆಗಿದ್ದ ವಯಸ್ಸು 320 ಕೋಟಿ ವರ್ಷ. ಎರಡು ವರ್ಷ ಕಳೆಯುವಷ್ಟರಲ್ಲಿ ಸೂಪರ್‌ನೋವಾಗಳು ಡಾರ್ಕ್ ಎನರ್ಜಿಯ, ಅಂದರೆ ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಶಕ್ತಿಯ, ಸುದ್ದಿ ತಂದವು. ಆಗ ಈ ಮುದಿ ಗ್ಯಾಲಕ್ಸಿಗೂ ಜಾಗ ಆಯಿತು. ಆ ಗ್ಯಾಲಕ್ಸಿಯ ವಯಸ್ಸು ಕಟ್ಟಿದವರ ತಂಡದಲ್ಲಿ ಹಿಮೆನೆಸ್ ಕೂಡ ಇದ್ದರು.

ಹೆಜ್ಜೆ 1: ಸೂತ್ರವನ್ನು ಕೈಯಲ್ಲಿ ಹಿಡಿಯಿರಿ

ದೂರದ ಗ್ಯಾಲಕ್ಸಿಯಿಂದ ಹೊರಟ ಬೆಳಕು ನಮ್ಮನ್ನು ತಲುಪುವಷ್ಟರಲ್ಲಿ ವಿಶ್ವ ಹಿಗ್ಗಿರುತ್ತದೆ. ಅದರ ಜೊತೆ ಬೆಳಕಿನ ತರಂಗವೂ ಹಿಗ್ಗುತ್ತದೆ, ಕೆಂಪಿನ ಕಡೆಗೆ ಸರಿಯುತ್ತದೆ. ಇದೇ ರೆಡ್‌ಶಿಫ್ಟ್, ಕನ್ನಡದಲ್ಲಿ ಕೆಂಪು ಪಲ್ಲಟ. ರೆಡ್‌ಶಿಫ್ಟ್ 0.5 ಎಂದರೆ, ಆ ಬೆಳಕು ಹೊರಟ ಮೇಲೆ ವಿಶ್ವ ಒಂದೂವರೆ ಪಟ್ಟು ಹಿಗ್ಗಿದೆ. ರೆಡ್‌ಶಿಫ್ಟ್ 1 ಎಂದರೆ ಎರಡು ಪಟ್ಟು.

ಅಂದರೆ 'ಎಷ್ಟು ಹಿಗ್ಗಿತು' ಎಂಬುದು ರೆಡ್‌ಶಿಫ್ಟ್‌ನಲ್ಲೇ ಇದೆ. 'ಎಷ್ಟು ಕಾಲದಲ್ಲಿ' ಎಂಬುದು ಮಾತ್ರ ಬಾಕಿ. ಈಗ ಬಹಳ ಹಿಂದೆ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದ ಎರಡು ಗ್ಯಾಲಕ್ಸಿ ತೆಗೆದುಕೊಳ್ಳಿ. ಒಂದು ರೆಡ್‌ಶಿಫ್ಟ್ 0.4ರಲ್ಲಿದೆ, ಇನ್ನೊಂದು 0.5ರಲ್ಲಿ. ದೂರದ್ದರ ಬೆಳಕು ಮೊದಲೇ ಹೊರಟಿದೆ. ಹಾಗಾಗಿ ನಮಗೆ ಅದು ಸ್ವಲ್ಪ ಎಳೆಯದಾಗಿ ಕಾಣುತ್ತದೆ. ಎರಡರ ವಯಸ್ಸಿನ ಅಂತರವೇ ನಮಗೆ ಬೇಕಾದ ಕಾಲ.

ಸೂತ್ರ ಇಷ್ಟು:

ಹಿಗ್ಗುವ ದರ = 977.8 × ರೆಡ್‌ಶಿಫ್ಟ್ ಅಂತರ ÷ [(1 + ಸರಾಸರಿ ರೆಡ್‌ಶಿಫ್ಟ್) × ವಯಸ್ಸಿನ ಅಂತರ]

ವಯಸ್ಸಿನ ಅಂತರವನ್ನು ಶತಕೋಟಿ ವರ್ಷದಲ್ಲಿ ಹಾಕಿ. ಒಂದು ಶತಕೋಟಿ ಅಂದರೆ 100 ಕೋಟಿ. ಉತ್ತರ ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಇಷ್ಟು ಕಿ.ಮೀ. ಎಂದು ಬರುತ್ತದೆ. ಇನ್ನು ಮುಂದೆ ಈ ಉದ್ದದ ಏಕಮಾನವನ್ನು ಮತ್ತೆ ಮತ್ತೆ ಬರೆಯುವುದಿಲ್ಲ. 977.8 ಎಲ್ಲಿಂದ ಬಂತು ಅಂತೀರಾ? ಮೆಗಾಪಾರ್ಸೆಕ್ ಅನ್ನು ಕಿ.ಮೀ.ಗೆ, ಶತಕೋಟಿ ವರ್ಷವನ್ನು ಸೆಕೆಂಡಿಗೆ ಬದಲಿಸಿ ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಬರುವ ಸಂಖ್ಯೆ. ಸುಮ್ನೆ ಏಕಮಾನದ ಕೆಲಸ.

ಒಂದು ಲೆಕ್ಕ ಮಾಡೋಣ. ನಮ್ಮ ಎರಡು ಗ್ಯಾಲಕ್ಸಿಗಳ ವಯಸ್ಸಿನ ಅಂತರ 0.76, ಅಂದರೆ 76 ಕೋಟಿ ವರ್ಷ ಎಂದುಕೊಳ್ಳಿ. ರೆಡ್‌ಶಿಫ್ಟ್ ಅಂತರ 0.1, ಸರಾಸರಿ 0.45. ಮೇಲೆ 97.78. ಕೆಳಗೆ 1.45 × 0.76 = 1.102. ಭಾಗಿಸಿದರೆ ಸುಮಾರು 88.7. ಇದು ಇವತ್ತಿನ ದರವಲ್ಲ, ಆ ಬೆಳಕು ಹೊರಟ ಕಾಲದ ದರ. ಆಗ ಈ ದರ ಇವತ್ತಿಗಿಂತ ಜಾಸ್ತಿ ಇತ್ತು.

ಇಲ್ಲೇ ಸ್ವಲ್ಪ ನಿಲ್ಲಿ. ವಯಸ್ಸಿನ ಅಂತರದಲ್ಲಿ 10 ಕೋಟಿ ವರ್ಷ ತಪ್ಪಿದರೆ ಏನಾಗುತ್ತದೆ? 0.66 ಹಾಕಿ ನೋಡಿ: 102. 0.86 ಹಾಕಿ: 78. ನೂರಾರು ಕೋಟಿ ವರ್ಷದ ನಕ್ಷತ್ರಗಳಲ್ಲಿ 10 ಕೋಟಿ ವರ್ಷದ ತಪ್ಪು, ಅಂದರೆ ನೂರಕ್ಕೆ ಒಂದೆರಡು. ಅಷ್ಟಕ್ಕೇ ಉತ್ತರ 12ರಷ್ಟು ಆಚೀಚೆ ಹೋಯಿತು. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಮುಂದಿನ ಹೆಜ್ಜೆಗಳಲ್ಲಿ ಅಷ್ಟೊಂದು ಶುಚಿ ಯಾಕೆ ಎಂದು ಕೇಳಬೇಕು ಅನ್ನಿಸುವುದಿಲ್ಲ.

ಹೆಜ್ಜೆ 2: ಗ್ಯಾಲಕ್ಸಿ ಆರಿಸುವುದು

ಗಡಿಯಾರ ಆಗಬಲ್ಲ ಗ್ಯಾಲಕ್ಸಿಗೆ ಎರಡು ಗುಣ ಬೇಕು. ಅದು ಭಾರಿಯಾಗಿರಬೇಕು. ಹೊಸ ನಕ್ಷತ್ರ ಹುಟ್ಟಿಸುವುದನ್ನು ಬಹಳ ಹಿಂದೆಯೇ ನಿಲ್ಲಿಸಿರಬೇಕು. ನಮ್ಮ ಆಕಾಶಗಂಗೆ ಇದಕ್ಕೆ ಬರುವುದಿಲ್ಲ. ಇಲ್ಲಿ ಇನ್ನೂ ಹೆರಿಗೆ ನಡೆಯುತ್ತಲೇ ಇದೆ.

ಭಾರಿ ಯಾಕೆ? ದೊಡ್ಡ ಗ್ಯಾಲಕ್ಸಿಗಳು ತಮ್ಮ ನಕ್ಷತ್ರಗಳನ್ನು ಬೇಗ ಹುಟ್ಟಿಸಿ, ಬೇಗ ಮುಗಿಸಿವೆ. ಆಮೇಲೆ ಒಳಗಿನ ನಕ್ಷತ್ರಗಳು ಮುದಿಯಾಗುತ್ತಾ ಹೋಗುತ್ತವೆ, ಬೇರೇನೂ ನಡೆಯುವುದಿಲ್ಲ. ಒಮ್ಮೆ ಕೀಲಿ ಕೊಟ್ಟು ಬಿಟ್ಟ ಗಡಿಯಾರದ ಹಾಗೆ. ಚಿಕ್ಕ ಗ್ಯಾಲಕ್ಸಿಗಳು ನಿಧಾನ, ನಡುನಡುವೆ ಮತ್ತೆ ಮತ್ತೆ ಹೆರುತ್ತವೆ.

ದತ್ತಾಂಶಕ್ಕೆ ಎಲ್ಲೂ ಹೋಗಬೇಕಿಲ್ಲ. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ತನ್ನ ರೋಹಿತಗಳನ್ನೆಲ್ಲ ಉಚಿತವಾಗಿ ಇಟ್ಟಿದೆ. ಅಮೆರಿಕದ ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ದೂರದರ್ಶಕದ ಕೆಲಸ ಅದು. ಅದರ ಸ್ಕೈಸರ್ವರ್ ತಾಣದಲ್ಲಿ ಎಸ್‌ಕ್ಯುಎಲ್ (ಕೋಷ್ಟಕಗಳಿಂದ ಮಾಹಿತಿ ಕೇಳುವ ಕಂಪ್ಯೂಟರ್ ಭಾಷೆ) ಪ್ರಶ್ನೆ ಬರೆದು ಬೇಕಾದ್ದನ್ನು ಇಳಿಸಿಕೊಳ್ಳಬಹುದು. 'ಗ್ಯಾಲ್‌ಸ್ಪೆಕ್' ಎಂದು ಶುರುವಾಗುವ ಕೋಷ್ಟಕಗಳನ್ನು ಹುಡುಕಿ. ತೂಕ, ನಕ್ಷತ್ರ ಹುಟ್ಟುವ ದರ, ರೇಖೆಗಳ ಅಳತೆ, ಇವೆಲ್ಲ ಅಲ್ಲಿ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದಾರೆ.

ಈಗ ಜರಡಿ ಹಿಡಿಯಿರಿ. ಒಂದೇ ಜರಡಿ ಸಾಲದು, ಒಂದರ ಕೆಳಗೆ ಒಂದು.

ಮೊದಲ ಜರಡಿ ತೂಕದ್ದು. ಸುಮಾರು 10,000 ಕೋಟಿ ಸೂರ್ಯರಷ್ಟು, ಅಥವಾ ಅದಕ್ಕಿಂತ ಜಾಸ್ತಿ. ಕೋಷ್ಟಕದಲ್ಲಿ ಇದು ಲಾಗ್ ಲೆಕ್ಕದಲ್ಲಿ 11 ಎಂದು ಇರುತ್ತದೆ. ಎರಡನೆಯದು ನಕ್ಷತ್ರ ಹುಟ್ಟುವ ದರ. ವರ್ಷಕ್ಕೆ ತನ್ನ ತೂಕದ 10,000 ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಲಾಗ್‌ನಲ್ಲಿ ಮೈನಸ್ 11. ಮೂರನೆಯದು ಹೊಳೆಯುವ ರೇಖೆಗಳು. 3727 ಆಂಗ್‌ಸ್ಟ್ರಾಮ್‌ನ (ತರಂಗಾಂತರದ ಏಕಮಾನ, ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ಆಮ್ಲಜನಕದ ರೇಖೆ, 6563ರ ಹೈಡ್ರೋಜನ್ ರೇಖೆ ಹೊಳೆಯುತ್ತಿದ್ದರೆ ಅಲ್ಲಿ ಬಿಸಿ ಅನಿಲ ಇದೆ, ಬಹುಶಃ ಎಳೆ ನಕ್ಷತ್ರಗಳೂ ಇವೆ. ಅಂಥದ್ದನ್ನು ಹೊರಗೆ ಹಾಕಿ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಜರಡಿ. ಮುದಿ ಗ್ಯಾಲಕ್ಸಿಯ ರೋಹಿತದಲ್ಲಿ ಕ್ಯಾಲ್ಸಿಯಂನ ಎರಡು ಕಪ್ಪು ಗೆರೆಗಳು ಅಕ್ಕಪಕ್ಕ ಇರುತ್ತವೆ. 3934ರ ಹತ್ತಿರ 'ಕೆ', 3969ರ ಹತ್ತಿರ 'ಎಚ್'. ಎಳೆಯ ಬಿಸಿ ನಕ್ಷತ್ರಗಳಲ್ಲಿ ಹೈಡ್ರೋಜನ್‌ನ ಒಂದು ಗೆರೆ ಸರಿಯಾಗಿ ಈ 'ಎಚ್' ಮೇಲೆಯೇ ಬಂದು ಕೂರುತ್ತದೆ. 'ಎಚ್' ಗೆರೆ 'ಕೆ'ಗಿಂತ ಆಳವಾಗಿದ್ದರೆ ಒಳಗೆ ಯಾರೋ ಎಳೆಯರು ಅಡಗಿದ್ದಾರೆ ಎಂದೇ ಅರ್ಥ. ತೂಕದಲ್ಲಿ ನೂರಕ್ಕೆ ಒಂದರಷ್ಟು ಎಳೆ ನಕ್ಷತ್ರ ಇದ್ದರೂ ನೀಲಿ ಬೆಳಕಿನಲ್ಲಿ ಅವುಗಳದೇ ಅಬ್ಬರ. ಹಾಗಾಗಿ ಈ ತಪಾಸಣೆ ಬಿಡಬೇಡಿ.

ಆಕಾರ ನೋಡಿ ಆರಿಸಿದರೆ ಸಾಲದೇ, ದುಂಡಗೆ ಕೆಂಪಗೆ ಇರುವುದೆಲ್ಲ ಮುದಿ ತಾನೇ ಎಂದು ಕೇಳುವವರಿದ್ದಾರೆ. ಸಾಲದು. ಧೂಳು ತುಂಬಿದ ಎಳೆ ಗ್ಯಾಲಕ್ಸಿಯೂ ಕೆಂಪಗೇ ಕಾಣುತ್ತದೆ.

ಹೆಜ್ಜೆ 3: ರೆಡ್‌ಶಿಫ್ಟ್ ಓದುವುದು

ಇದು ಬೇಗ ಮುಗಿಯುವ ಕೆಲಸ. ಸ್ಲೋನ್ ಕೋಷ್ಟಕದಲ್ಲಿ ರೆಡ್‌ಶಿಫ್ಟ್ ಸಿದ್ಧವಾಗಿಯೇ ಇದೆ. ಆದರೂ ಒಂದೆರಡನ್ನು ಸ್ವಂತ ಕಣ್ಣಿನಿಂದ ಓದಿ. 'ಕೆ' ಗೆರೆ 3934ರ ಬದಲು 5704ರಲ್ಲಿ ಕಂಡರೆ, 5704 ÷ 3934 = 1.45. ಅಂದರೆ ರೆಡ್‌ಶಿಫ್ಟ್ 0.45. 'ಎಚ್' ಗೆರೆ 5755ರಲ್ಲಿ ಇದೆಯೇ ನೋಡಿ. ಇದ್ದರೆ ಲೆಕ್ಕ ಸರಿ. ಸ್ಲೋನ್ ಕೊಡುವುದು ನಿರ್ವಾತದ ತರಂಗಾಂತರ, ಹಳೆಯ ಪುಸ್ತಕಗಳಲ್ಲಿ ಇರುವುದು ಗಾಳಿಯಲ್ಲಿನದು. ಒಂದು ಆಂಗ್‌ಸ್ಟ್ರಾಮ್ ವ್ಯತ್ಯಾಸ ಕಂಡರೆ ಗಾಬರಿ ಬೇಡ.

ಬಣ್ಣ ನೋಡಿ ಅಂದಾಜು ಮಾಡಿದ ರೆಡ್‌ಶಿಫ್ಟ್ ಮಾತ್ರ ಈ ಕೆಲಸಕ್ಕೆ ಬೇಡ. ಇಡೀ ವಿಧಾನದಲ್ಲಿ ನಾವು ಕಣ್ಣು ಮುಚ್ಚಿ ನಂಬಬಹುದಾದ ಸಂಖ್ಯೆ ಇದೊಂದೇ. ಅದನ್ನೂ ಕೆಡಿಸಿಕೊಳ್ಳುವುದು ಯಾಕೆ?

ಹೆಜ್ಜೆ 4: ಗಡಿಯಾರದ ಮುಳ್ಳು

ಗ್ಯಾಲಕ್ಸಿಯ ವಯಸ್ಸು ಹೇಗೆ ಗೊತ್ತಾಗುತ್ತದೆ? ಬಿಸಿಯಾದ ನೀಲಿ ನಕ್ಷತ್ರಗಳು ಬೇಗ ಸಾಯುತ್ತವೆ. ಉಳಿಯುವುದು ತಣ್ಣನೆಯ ಹಳದಿ-ಕೆಂಪು ನಕ್ಷತ್ರಗಳು. ಅವುಗಳ ಹೊರಪದರದಲ್ಲಿ ಕಬ್ಬಿಣ, ಕ್ಯಾಲ್ಸಿಯಂನಂಥ ಲೋಹಗಳು 4000 ಆಂಗ್‌ಸ್ಟ್ರಾಮ್‌ಗಿಂತ ನೀಲಿಯ ಕಡೆಯ ಬೆಳಕನ್ನು ಗೆರೆ ಗೆರೆಯಾಗಿ ನುಂಗುತ್ತವೆ. ಗೆರೆಗಳು ಎಷ್ಟು ಒತ್ತಾಗಿವೆ ಅಂದರೆ ರೋಹಿತದಲ್ಲಿ ಅಲ್ಲೊಂದು ಮೆಟ್ಟಿಲು ಕಾಣುತ್ತದೆ. ಗ್ಯಾಲಕ್ಸಿ ಮುದಿಯಾದಷ್ಟೂ ಮೆಟ್ಟಿಲು ಎತ್ತರ.

ಈ ಎತ್ತರಕ್ಕೆ 'ಡಿ4000' ಎಂದು ಹೆಸರು. ಮೆಟ್ಟಿಲಿನ ಕೆಂಪು ಬದಿಯಲ್ಲಿ 4000ರಿಂದ 4100ರವರೆಗಿನ ಸರಾಸರಿ ಬೆಳಕನ್ನು ತೆಗೆದುಕೊಳ್ಳಿ. ನೀಲಿ ಬದಿಯಲ್ಲಿ 3850ರಿಂದ 3950ರವರೆಗಿನದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಎಳೆ ಗ್ಯಾಲಕ್ಸಿಗೆ 1.3ರ ಸುತ್ತಮುತ್ತ, ಭಾರಿ ಮುದಿ ಗ್ಯಾಲಕ್ಸಿಗೆ 1.8-1.9ರ ಸುತ್ತಮುತ್ತ ಬರುತ್ತದೆ. ಆದರೆ ಈ ತರಂಗಾಂತರಗಳು ಗ್ಯಾಲಕ್ಸಿಯ ಊರಿನವು. ನಮ್ಮ ಊರಿನಲ್ಲಿ ಅಳೆಯುವಾಗ ಒಂದು ಕೂಡಿಸಿದ ರೆಡ್‌ಶಿಫ್ಟ್‌ನಿಂದ (1 + ರೆಡ್‌ಶಿಫ್ಟ್) ಗುಣಿಸಬೇಕು. ರೆಡ್‌ಶಿಫ್ಟ್ 0.5ಕ್ಕೆ ಮೆಟ್ಟಿಲು 6000ದಲ್ಲಿ ಸಿಗುತ್ತದೆ. ರೆಡ್‌ಶಿಫ್ಟ್ 2ಕ್ಕೆ 12,000ದಲ್ಲಿ, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ. ದೂರದ ಗಡಿಯಾರಗಳು ಇಷ್ಟು ವಿರಳವಾಗಿರಲು ಇದೂ ಒಂದು ಕಾರಣ.

ನೀವೇ ಪ್ರೋಗ್ರಾಂ ಬರೆದು ಅಳೆಯುವುದಾದರೆ ಇಲ್ಲೊಂದು ಎಡವುವ ಜಾಗ ಇದೆ. ಡಿ4000 ಲೆಕ್ಕಕ್ಕೆ ಬೇಕಾದದ್ದು ಪ್ರತಿ ಆವರ್ತಾಂಕದ ಬೆಳಕು. ಸ್ಲೋನ್ ಕೊಡುವುದು ಪ್ರತಿ ತರಂಗಾಂತರದ ಬೆಳಕು. ತರಂಗಾಂತರದ ವರ್ಗದಿಂದ ಗುಣಿಸಿ ಬದಲಿಸಿಕೊಳ್ಳಿ. ಮರೆತರೆ ನೂರಕ್ಕೆ ಸುಮಾರು 8ರಷ್ಟು ತಪ್ಪು. ನಾವು ಹುಡುಕುತ್ತಿರುವ ಬದಲಾವಣೆ ನೂರಕ್ಕೆ 2 ಇದ್ದರೆ ಹೆಚ್ಚು!

ಒಂಟಿ ಗ್ಯಾಲಕ್ಸಿಯ ಅಳತೆ ನಂಬಬೇಡಿ. ರೆಡ್‌ಶಿಫ್ಟ್ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನೊಳಗೆ ಮತ್ತೆ ತೂಕದ ಪ್ರಕಾರ ಗುಂಪು ಮಾಡಿ. ಪ್ರತಿ ಗುಂಪಿನ ಸರಾಸರಿ ತೆಗೆಯಿರಿ. ಒಂದೇ ತೂಕದವನ್ನು ಮಾತ್ರ ಒಂದಕ್ಕೊಂದು ಹೋಲಿಸಿ. ಇಟಲಿಯ ಬೊಲೊನ್ಯಾದ ಮಿಖೇಲೆ ಮೊರೆಸ್ಕೊ ಮತ್ತು ಸಂಗಡಿಗರು 2012ರಲ್ಲಿ ಇದೇ ದಾರಿಯಲ್ಲಿ ಸುಮಾರು 11,000 ಗ್ಯಾಲಕ್ಸಿ ಬಳಸಿದರು. 2016ರಲ್ಲಿ ಅದು 1,30,000 ದಾಟಿತು.

ಹೆಜ್ಜೆ 5: ಮೆಟ್ಟಿಲಿನ ಎತ್ತರವನ್ನು ವರ್ಷಕ್ಕೆ ಬದಲಿಸುವುದು

ಈ ಹೆಜ್ಜೆಯಲ್ಲೇ ಎಲ್ಲರೂ ಎಡವುವುದು. ಮುದಿ ಗ್ಯಾಲಕ್ಸಿಗಳಲ್ಲಿ ಡಿ4000 ವಯಸ್ಸಿನ ಜೊತೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಆ ಗೆರೆಯ ಇಳಿಜಾರು ಎಷ್ಟು ಎಂದು ಮಾದರಿಗಳಿಂದ ತಿಳಿಯಬೇಕು. ನಕ್ಷತ್ರಗಳ ಗುಂಪನ್ನು ಕಂಪ್ಯೂಟರ್‌ನಲ್ಲಿ ಹುಟ್ಟಿಸಿ, ಬೆಳೆಸಿ, ಒಟ್ಟು ರೋಹಿತ ಕೊಡುವ ಮಾದರಿಗಳು ಇವೆ. ಬ್ರುಜುವಲ್ ಮತ್ತು ಶಾರ್ಲೊ 2003ರಲ್ಲಿ ಕೊಟ್ಟದ್ದು ಬಹಳ ಬಳಕೆಯಲ್ಲಿದೆ. ಮಾರಾಸ್ಟನ್ ಮತ್ತು ಸ್ಟ್ರೋಂಬೆಕ್ 2011ರಲ್ಲಿ ಕೊಟ್ಟದ್ದು ಇನ್ನೊಂದು.

ಲೆಕ್ಕಕ್ಕೆ ಸುಲಭವಾಗಲಿ ಎಂದು ಇಳಿಜಾರು ಶತಕೋಟಿ ವರ್ಷಕ್ಕೆ 0.05 ಎಂದುಕೊಳ್ಳೋಣ. ಎರಡು ಗುಂಪುಗಳ ಡಿ4000 ಅಂತರ 0.038 ಬಂದರೆ, 0.038 ÷ 0.05 = 0.76. ನಮ್ಮ ಹಳೆಯ 76 ಕೋಟಿ ವರ್ಷ ಸಿಕ್ಕಿತು. ಅಂತರದಲ್ಲಿ 0.005 ತಪ್ಪಿದರೆ ಅದೇ 10 ಕೋಟಿ ವರ್ಷದ ತಪ್ಪು, ಮತ್ತೆ ಅದೇ 12. ನಿಮ್ಮ ಸ್ವಂತ ಅಳತೆಗೆ ಮಾತ್ರ ಈ 0.05 ಬಳಸಬೇಡಿ, ಮಾದರಿಯಿಂದ ನಿಜವಾದ ಇಳಿಜಾರು ತೆಗೆಯಿರಿ. ಯಾಕೆಂದರೆ ಅದು ಲೋಹಾಂಶದ ಮೇಲೆ ನಿಂತಿದೆ.

ಲೋಹಾಂಶದ ಕಾಟ ದೊಡ್ಡದು. ವಯಸ್ಸಾದರೂ ಮೆಟ್ಟಿಲು ಏರುತ್ತದೆ, ಲೋಹ ಜಾಸ್ತಿಯಾದರೂ ಏರುತ್ತದೆ. 1994ರಲ್ಲಿ ಗೈ ವರ್ದಿ ಇದಕ್ಕೆ ಒಂದು ಅಂದಾಜು ಕೊಟ್ಟರು: ಲೋಹ ಎರಡು ಪಟ್ಟಾದರೆ ಆಗುವ ಬದಲಾವಣೆ, ವಯಸ್ಸು ಮೂರು ಪಟ್ಟಾದರೆ ಆಗುವುದಕ್ಕೆ ಸಮ. ಹಾಗಾಗಿ ಡಿ4000 ಒಂದನ್ನೇ ನೋಡಿ ವಯಸ್ಸು ಹೇಳಲು ಹೋಗಬಾರದು. ಕಬ್ಬಿಣ, ಮೆಗ್ನೀಸಿಯಂ ಗೆರೆಗಳಿಂದ ಲೋಹಾಂಶವನ್ನು ಬೇರೆಯಾಗಿ ಅಳೆದು, ಆ ಲೋಹಾಂಶದ ಇಳಿಜಾರನ್ನೇ ಬಳಸಬೇಕು.

ಹಾಗಿದ್ದರೂ ಈ ವಿಧಾನ ಉಳಿದುಕೊಳ್ಳುವುದು ವ್ಯತ್ಯಾಸದ ಬಲದಿಂದ. ಹಿಂದೆ ಹಳ್ಳಿ ಶಾಲೆಗಳಲ್ಲಿ ಮಕ್ಕಳನ್ನು ಸೇರಿಸುವಾಗ ಮೇಷ್ಟ್ರೇ ಹುಟ್ಟಿದ ದಿನಾಂಕ ಬರೆದುಕೊಳ್ಳುತ್ತಿದ್ದರು, ನೆನಪಿದೆಯಾ? ಮೇಷ್ಟ್ರು ಎಲ್ಲರಿಗೂ ಒಂದೊಂದು ವರ್ಷ ಜಾಸ್ತಿ ಬರೆದರು ಅನ್ನಿ. ಒಬ್ಬೊಬ್ಬರ ವಯಸ್ಸೂ ತಪ್ಪು. ಆದರೆ ಅಣ್ಣನಿಗೂ ತಮ್ಮನಿಗೂ ಇರುವ ಅಂತರ ಸರಿ. ಮಾದರಿ ಎಲ್ಲ ಗ್ಯಾಲಕ್ಸಿಗಳ ವಯಸ್ಸನ್ನು ಒಂದೇ ಸಮ ಏರಿಸಿದ್ದರೆ ಅದು ಕಳೆಯುವಾಗ ಹೊರಟುಹೋಗುತ್ತದೆ. ಆದರೆ ಇಳಿಜಾರೇ ತಪ್ಪಿದ್ದರೆ ಹೋಗುವುದಿಲ್ಲ. ಎರಡು ಬೇರೆ ಬೇರೆ ಮಾದರಿಗಳಲ್ಲಿ ಇಳಿಜಾರು ತೆಗೆದು, ಅವುಗಳ ನಡುವಿನ ವ್ಯತ್ಯಾಸವನ್ನು ಉತ್ತರದ ಅನಿಶ್ಚಿತತೆಗೆ ಸೇರಿಸುವುದು ಪ್ರಾಮಾಣಿಕ ದಾರಿ.

ಮೋಸ ಹೋಗುವ ಮೂರು ಜಾಗ

ಮೊದಲನೆಯದಕ್ಕೆ ನಾನೇ ಸಾಕ್ಷಿ. ಮೊದಲ ಸಲ ಇದನ್ನು ಮಾಡುವಾಗ ಡಿ4000 ಗೊಡವೆಯೇ ಬೇಡ ಎಂದು, ಇಡೀ ರೋಹಿತಕ್ಕೆ ಮಾದರಿ ಹೊಂದಿಸಿ ನೇರವಾಗಿ ವಯಸ್ಸು ಕೊಡುವ ಒಂದು ತಂತ್ರಾಂಶ ಹಾಕಿದೆ. ಉತ್ತರ 70ರ ಹತ್ತಿರ ಬಂದು ನಿಂತಿತು. ಒಂದು ರಾತ್ರಿ ಪೂರ್ತಿ ಖುಷಿಯಲ್ಲಿದ್ದೆ. ಬೆಳಿಗ್ಗೆ ಸೆಟ್ಟಿಂಗ್ ತೆರೆದು ನೋಡಿದರೆ, ಗ್ಯಾಲಕ್ಸಿಯ ವಯಸ್ಸು ಆ ರೆಡ್‌ಶಿಫ್ಟ್‌ನಲ್ಲಿ ವಿಶ್ವದ ವಯಸ್ಸನ್ನು ಮೀರಬಾರದು ಎಂಬ ಮಿತಿ ಮೊದಲೇ ಹಾಕಿತ್ತು. ಆ ಮಿತಿ ಲೆಕ್ಕ ಹಾಕಿದ್ದು ದರ 70 ಎಂದುಕೊಂಡು! ನಾನು ಹಾಕಿದ್ದನ್ನೇ ನನಗೆ ತಿರುಗಿ ಕೊಟ್ಟಿತ್ತು. ಇಂಥ ಮಿತಿ ಇದ್ದರೆ ತೆಗೆದುಹಾಕಿ. ವಯಸ್ಸು 2000 ಕೋಟಿ ವರ್ಷ ಎಂದು ಬಂದರೂ ಬರಲಿ ಬಿಡಿ. ನಮಗೆ ಬೇಕಿರುವುದು ಅಂತರ ಅಲ್ವಾ?

ಎರಡನೆಯದು ಸ್ವಲ್ಪ ಸೂಕ್ಷ್ಮ. ಊರಿನ ನಿವೃತ್ತ ನೌಕರರ ಸಂಘವನ್ನು ನೆನೆಸಿಕೊಳ್ಳಿ. ಹತ್ತು ವರ್ಷ ಬಿಟ್ಟು ಹೋದರೆ ಸದಸ್ಯರ ಸರಾಸರಿ ವಯಸ್ಸು ಹತ್ತು ವರ್ಷ ಏರಿರುತ್ತದೆಯೇ? ಇಲ್ಲ. ಪ್ರತಿ ವರ್ಷ ಅರವತ್ತರ ಹೊಸಬರು ಸೇರುತ್ತಲೇ ಇರುತ್ತಾರೆ. ಗ್ಯಾಲಕ್ಸಿಗಳಲ್ಲೂ ಹಾಗೆಯೇ. ಹತ್ತಿರದ ಗುಂಪಿನಲ್ಲಿ ತಡವಾಗಿ 'ನಿವೃತ್ತಿ' ಆದವೂ ಸೇರಿಕೊಂಡು ಸರಾಸರಿ ವಯಸ್ಸನ್ನು ಇಳಿಸುತ್ತವೆ. ವಯಸ್ಸಿನ ಅಂತರ ನಿಜಕ್ಕಿಂತ ಕಡಿಮೆ ಕಾಣುತ್ತದೆ, ದರ ನಿಜಕ್ಕಿಂತ ಜಾಸ್ತಿ ಬರುತ್ತದೆ. ಇದಕ್ಕೆ ಪರಿಹಾರ ಎರಡು. ಅತ್ಯಂತ ಭಾರಿಯವನ್ನು ಮಾತ್ರ ಇಟ್ಟುಕೊಳ್ಳಿ, ಅವು ಬಹಳ ಹಿಂದೆಯೇ ನಿವೃತ್ತಿ ಆದವು. ಹೋಲಿಸುವ ಗುಂಪುಗಳ ರೆಡ್‌ಶಿಫ್ಟ್ ಅಂತರವನ್ನು ಚಿಕ್ಕದಾಗಿ ಇಡಿ, ಆಗ ಹೊಸಬರು ಸೇರಲು ಕಾಲವೇ ಇರುವುದಿಲ್ಲ. ತೀರಾ ಚಿಕ್ಕದಾದರೆ ಅಳತೆಯ ಗದ್ದಲದಲ್ಲಿ ಅಂತರವೇ ಮುಳುಗಿಹೋಗುತ್ತದೆ, ಅದೂ ನೆನಪಿರಲಿ.

ಮೂರನೆಯದು ಉಪಕರಣದ್ದು. ಸ್ಲೋನ್‌ನ ಮೊದಲ ಸಮೀಕ್ಷೆಗಳಲ್ಲಿ ಬೆಳಕು ಹಿಡಿಯುವ ನಾರಿನ ಅಗಲ ಆಕಾಶದಲ್ಲಿ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು). ಹತ್ತಿರದ ಗ್ಯಾಲಕ್ಸಿಯ ನಡುಭಾಗ ಮಾತ್ರ ಅದರೊಳಗೆ ಬರುತ್ತದೆ, ದೂರದ್ದು ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ನಡುಭಾಗದಲ್ಲಿ ಲೋಹ ಜಾಸ್ತಿ. ಇದನ್ನು ಮರೆತು ಹೋಲಿಸಿದರೆ ಸುಳ್ಳು ಅಂತರ ಹುಟ್ಟುತ್ತದೆ.

ಹೆಜ್ಜೆ 6: ಗ್ರಾಫ್ ಹಾಳೆಯಲ್ಲಿ ವಿಶ್ವ

ಈಗ ಬಿಂದುಗಳನ್ನು ಜೋಡಿಸೋಣ. ನಿಮ್ಮ ಸ್ವಂತ ಅಳತೆ ಇನ್ನೂ ಆಗಿಲ್ಲದಿದ್ದರೂ ಪರವಾಗಿಲ್ಲ. ಬೇರೆ ಬೇರೆ ತಂಡಗಳು ಅಳೆದು ಪ್ರಕಟಿಸಿದ ಏಳು ಬಿಂದುಗಳು ಇಲ್ಲಿವೆ. ಮೊದಲು ರೆಡ್‌ಶಿಫ್ಟ್, ಆಮೇಲೆ ದರ, ± ಆದ ಮೇಲೆ ಅನಿಶ್ಚಿತತೆ:

0.09: 69 ± 12
0.1791: 75 ± 4
0.4783: 80.9 ± 9
0.7812: 105 ± 12
1.037: 154 ± 20
1.363: 160 ± 33.6
1.965: 186.5 ± 50.4

ಮೊದಲು ಒಂದು ಚಿಕ್ಕ ಆಟ. ಪ್ರತಿ ದರವನ್ನು, ಒಂದು ಕೂಡಿಸಿದ ರೆಡ್‌ಶಿಫ್ಟ್‌ನಿಂದ ಭಾಗಿಸಿ. ಬರುವುದು ವಿಶ್ವದ ಗಾತ್ರ ಬೆಳೆಯುವ ವೇಗ. ಕ್ರಮವಾಗಿ 63, 64, 55, 59, 76, 68, 63. ಹಿಂದಿನಿಂದ ಇವತ್ತಿನ ಕಡೆಗೆ ಓದಿ. ಗದ್ದಲ ಇದೆ ನಿಜ. ಆದರೂ ನಡುವೆ ಒಂದು ತಗ್ಗು ಕಾಣುತ್ತದೆ. ಮೊದಲು ನಿಧಾನವಾಗುತ್ತಿದ್ದ ವಿಶ್ವ ಆಮೇಲೆ ಮತ್ತೆ ವೇಗ ಪಡೆದುಕೊಂಡಿದೆ. ಸೂಪರ್‌ನೋವಾ ನೋಡದೆ, ದೂರ ಅಳೆಯದೆ, ಬರೀ ಮುದಿ ಗ್ಯಾಲಕ್ಸಿಗಳಿಂದ ಇಷ್ಟು ಕಂಡಿತು.

ಈಗ ಗ್ರಾಫ್. ಅಡ್ಡ ಅಕ್ಷದಲ್ಲಿ, ಒಂದು ಕೂಡಿಸಿದ ರೆಡ್‌ಶಿಫ್ಟ್‌ನ ಘನ. ಉದ್ದ ಅಕ್ಷದಲ್ಲಿ ದರದ ವರ್ಗ. ವಸ್ತು ಮತ್ತು ಬದಲಾಗದ ಡಾರ್ಕ್ ಎನರ್ಜಿ, ಇವೆರಡೇ ಇರುವ ಸಪಾಟು (ವಕ್ರತೆ ಇಲ್ಲದ) ವಿಶ್ವದಲ್ಲಿ ಬಿಂದುಗಳು ನೇರ ಗೆರೆಯ ಮೇಲೆ ಬೀಳಬೇಕು. ಗೆರೆಯ ಇಳಿಜಾರು ವಸ್ತುವಿನ ಪಾಲು. ಗೆರೆ ಎಡ ಅಕ್ಷವನ್ನು ಮುಟ್ಟುವ ಎತ್ತರ ಡಾರ್ಕ್ ಎನರ್ಜಿಯ ಪಾಲು. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ ಇವತ್ತಿನ ಹಿಗ್ಗುವ ದರ.

ಕೈಲೆಕ್ಕಕ್ಕೆ ಎರಡೇ ಬಿಂದು ಸಾಕು: 0.1791 ಮತ್ತು 1.965. ಘನಗಳು 1.639 ಮತ್ತು 26.07. ದರದ ವರ್ಗಗಳು 5625 ಮತ್ತು 34,782. ಇಳಿಜಾರು ಸುಮಾರು 1194. ಎಡ ಅಕ್ಷದಲ್ಲಿ ಸುಮಾರು 3668. ಕೂಡಿಸಿದರೆ 4862. ವರ್ಗಮೂಲ 69.7. ವಸ್ತುವಿನ ಪಾಲು 1194 ÷ 4862, ಅಂದರೆ ನಾಲ್ಕರಲ್ಲಿ ಒಂದು ಭಾಗ. ಎರಡು ಬಿಂದು, ಒಂದು ಪೆನ್ಸಿಲ್!

ಡಾರ್ಕ್ ಎನರ್ಜಿ ಇಲ್ಲದಿದ್ದರೆ ಗೆರೆ ಮೂಲೆಯ ಸೊನ್ನೆಯಿಂದಲೇ ಹೊರಡಬೇಕಿತ್ತು. ಮೊದಲ ಬಿಂದುವಿನ ಮೂಲಕ ಹಾಗೆ ಎಳೆದು ನೋಡಿ. ರೆಡ್‌ಶಿಫ್ಟ್ 1.965ರಲ್ಲಿ ದರ 299 ಇರಬೇಕಾಗುತ್ತದೆ. ಅಳೆದದ್ದು 186.5. ಅನಿಶ್ಚಿತತೆ 50 ಎಂದು ಹಿಡಿದರೂ ಎರಡು ಪಟ್ಟಿಗಿಂತ ಜಾಸ್ತಿ ದೂರ.

ಪೈಥಾನ್ ಗೊತ್ತಿರುವವರು ಏಳೂ ಬಿಂದು ಹಾಕಿ, ಪ್ರತಿಯೊಂದಕ್ಕೂ ಅದರ ಅನಿಶ್ಚಿತತೆಯ ತಕ್ಕ ತೂಕ ಕೊಟ್ಟು ಗೆರೆ ಹೊಂದಿಸಿ. ಒಂದು ಎಚ್ಚರಿಕೆ. ಇವೆಲ್ಲ ಒಂದೇ ಬಗೆಯ ಮಾದರಿಗಳಿಂದ ವಯಸ್ಸು ಪಡೆದವು. ಮಾದರಿ ತಪ್ಪಿದರೆ ಎಲ್ಲವೂ ಒಟ್ಟಿಗೆ ತಪ್ಪುತ್ತವೆ. ಬಿಡಿ ಬಿಡಿ ಅಳತೆ ಎಂದುಕೊಂಡು ಹೊಂದಿಸಿದರೆ ಉತ್ತರ ಇರುವುದಕ್ಕಿಂತ ನಿಖರವಾಗಿ ಕಾಣುತ್ತದೆ.

ಇನ್ನು ಕೊನೆಯ ಲೆಕ್ಕ. ಇವತ್ತಿನ ದರದ ಬಗ್ಗೆ ದೊಡ್ಡ ತಕರಾರು ಇದೆ. ಪ್ಲಾಂಕ್ ತಂಡದ ಉತ್ತರ 67.4, ಅನಿಶ್ಚಿತತೆ 0.5. ಸೆಫೀಡ್-ಸೂಪರ್‌ನೋವಾ ಏಣಿಯಿಂದ ಆಡಂ ರೀಸ್ ತಂಡಕ್ಕೆ 2022ರಲ್ಲಿ ಬಂದದ್ದು 73.04, ಅನಿಶ್ಚಿತತೆ 1.04. ನಮ್ಮ 69.7 ಯಾರ ಕಡೆ? ನಮ್ಮ ಎರಡು ಬಿಂದುಗಳಲ್ಲಿ ದೂರದ್ದನ್ನು ಅದರ ಅನಿಶ್ಚಿತತೆಯಷ್ಟು ಕೆಳಗಿಳಿಸಿ, 136.1 ಎಂದು ಹಾಕಿ ಮತ್ತೆ ಗೆರೆ ಎಳೆಯಿರಿ. ಇವತ್ತಿನ ದರ 72.7 ಆಗುತ್ತದೆ. ಅಷ್ಟೇ ಮೇಲೇರಿಸಿ 236.9 ಹಾಕಿ. 65.6 ಆಗುತ್ತದೆ. ಹತ್ತಿರದ ಬಿಂದುವಿನ ± 4 ಅನ್ನು ನಾವಿನ್ನೂ ಮುಟ್ಟಿಯೇ ಇಲ್ಲ. ಅದನ್ನೂ ಸೇರಿಸಿದರೆ ಜಗಳಾಡುತ್ತಿರುವ ಇಬ್ಬರೂ ನಮ್ಮ ಒಂದೇ ಚಾಪೆಯ ಮೇಲೆ ಆರಾಮಾಗಿ ಕೂರುತ್ತಾರೆ.

ಚಾಪೆ ಕಿರಿದಾಗಬೇಕಾದರೆ ರೆಡ್‌ಶಿಫ್ಟ್ ಒಂದರಿಂದ ಎರಡರ ನಡುವೆ ಇನ್ನೂ ಸಾವಿರಾರು ಮುದಿ ಗ್ಯಾಲಕ್ಸಿಗಳು ಬೇಕು. 2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕ ಇನ್‌ಫ್ರಾರೆಡ್‌ನಲ್ಲಿ ರೋಹಿತ ತೆಗೆಯುತ್ತಿದೆ. ಗ್ಯಾಲಕ್ಸಿಗಳು ಸಿಗುತ್ತವೆ ಎಂಬ ನಂಬಿಕೆ ನನಗಿದೆ. ನನ್ನ ಅನುಮಾನ ಇರುವುದು ಐದನೆಯ ಹೆಜ್ಜೆಯ ಆ ಇಳಿಜಾರಿನ ಮೇಲೆ.